ಹಲ್ಲು ನಮ್ಮದು, ಹುಳುಕಿನ ಖರ್ಚು ಯಾರದು?

ಕಾಲಿನ ಮೂಳೆ ಮುರಿದರೆ ಅದು ಕಾಯಿಲೆ, ಅದರ ಖರ್ಚನ್ನು ಎಲ್ಲರೂ ಸೇರಿ ಹೊರಬೇಕು ಎಂಬುದನ್ನು ಬಹಳಷ್ಟು ದೇಶಗಳು ಒಪ್ಪಿಕೊಂಡಿವೆ. ಅದೇ ದೇಹದ ದವಡೆಯಲ್ಲಿ ಕೀವು ಕಟ್ಟಿದರೆ ಮಾತಿನ ಧಾಟಿ ಬದಲಾಗುತ್ತದೆ. ‘ಸರಿಯಾಗಿ ಉಜ್ಜಿದ್ದರೆ ಹೀಗಾಗುತ್ತಿತ್ತೇ?’ ಎನ್ನುತ್ತಾರೆ. ಅಮೆರಿಕದಲ್ಲಿ 1965ರಲ್ಲಿ ಹಿರಿಯರಿಗಾಗಿ ಬಂದ ಮೆಡಿಕೇರ್ ಯೋಜನೆ ದಿನನಿತ್ಯದ ಹಲ್ಲಿನ ಚಿಕಿತ್ಸೆಯನ್ನು ಹೊರಗಿಟ್ಟಿತು. 1984ರಲ್ಲಿ ಆಸ್ಟ್ರೇಲಿಯಾದಲ್ಲಿ ಅದೇ ಹೆಸರಿನ ಯೋಜನೆ ಶುರುವಾದಾಗಲೂ ಹಲ್ಲು ಹೊರಗೇ ಉಳಿಯಿತು. ಹೀಗೆ ಬಾಯಿಯನ್ನು ದೇಹದಿಂದ ಬೇರ್ಪಡಿಸಲು ವೈದ್ಯಕೀಯ ಕಾರಣ ಯಾವುದೂ ಇಲ್ಲ, ಚರಿತ್ರೆಯ ಕಾರಣವಿದೆ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಗತ್ತಿನ ಮೊದಲ ದಂತವೈದ್ಯಕೀಯ ಕಾಲೇಜು ವೈದ್ಯಕೀಯ ಶಾಲೆಯಿಂದ ಪ್ರತ್ಯೇಕವಾಗಿ ಆರಂಭವಾಯಿತು. ಓದು ಬೇರೆಯಾಯಿತು, ಪದವಿ ಬೇರೆಯಾಯಿತು, ಕೊನೆಗೆ ಬಿಲ್ಲೂ ಬೇರೆಯಾಯಿತು.

ಇದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಗಳಿವೆ. ಅವರಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ ಚಿಕಿತ್ಸೆಯಾಗದ ಹುಳುಕಿದೆ. ಹಾಲುಹಲ್ಲು ಹುಳುಕಾಗಿರುವ ಮಕ್ಕಳೇ 51 ಕೋಟಿಗೂ ಹೆಚ್ಚು.

‘ಸರ್ಕಾರವೋ, ವ್ಯಕ್ತಿಯೋ’ ಎಂದು ಕೇಳಿ ಇಡೀ ಬಾಯಿಯನ್ನು ಒಬ್ಬರ ಹೆಸರಿಗೆ ಬರೆದುಕೊಡಲು ಹೊರಟರೆ ವಾದ ಮುಗಿಯುವುದಿಲ್ಲ. ಹುಳುಕು ರಾತ್ರೋರಾತ್ರಿ ಆಗುವ ಅಪಘಾತವಲ್ಲ. ಅದು ವರ್ಷಗಟ್ಟಲೆ ಹಂತಹಂತವಾಗಿ ಬೆಳೆಯುತ್ತದೆ, ಮತ್ತು ಅದನ್ನು ತಡೆಯುವ ಶಕ್ತಿ ಒಂದೊಂದು ಹಂತದಲ್ಲಿ ಒಬ್ಬೊಬ್ಬರ ಕೈಯಲ್ಲಿರುತ್ತದೆ. ಶಕ್ತಿ ಎಲ್ಲಿದೆಯೋ ಹೊಣೆಯನ್ನೂ ಅಲ್ಲೇ ಇಡಬೇಕು. ಅದಕ್ಕೆ ಮೊದಲು ಒಂದು ಕುಳಿ ಹೇಗಾಗುತ್ತದೆ ಎಂದು ಹತ್ತಿರದಿಂದ ನೋಡೋಣ.

ಒಂದು ಕುಳಿಯ ಬೆಳವಣಿಗೆ

ನಾಲಿಗೆಗೆ ನುಣುಪಾಗದೆ ಜಿಡ್ಡಾಗಿ ತಾಗುವ ಬಿಳಿ ಪದರವನ್ನು ಹಲ್ಲಿನ ಪಾಚಿ ಎನ್ನುತ್ತೇವೆ. ಅದು ಬ್ಯಾಕ್ಟೀರಿಯಾಗಳ ಗೂಡು. ಸಕ್ಕರೆ ಸಿಕ್ಕಿದ ಕೆಲವೇ ನಿಮಿಷಗಳಲ್ಲಿ ಅವು ಆಮ್ಲ ಬಿಡುತ್ತವೆ. ಪಾಚಿಯೊಳಗಿನ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚವಾದ ಎನಾಮಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರತೊಡಗುತ್ತವೆ. ಜೊಲ್ಲು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಆಮ್ಲವನ್ನು ತಗ್ಗಿಸಿ ಖನಿಜವನ್ನು ಮತ್ತೆ ಕೂರಿಸುತ್ತದೆ. ಊಟದ ಜೊತೆ ಒಂದು ಸಲ ಸಿಹಿ ತಿಂದವರ ಹಲ್ಲಿಗೆ ಈ ದುರಸ್ತಿಗೆ ಸಮಯ ಸಿಗುತ್ತದೆ. ದಿನವಿಡೀ ಗುಟುಕು ಗುಟುಕಾಗಿ ಸಿಹಿ ಪಾನೀಯ ಹೀರುವವರ ಹಲ್ಲಿಗೆ ಸಿಗುವುದಿಲ್ಲ. ಎಷ್ಟು ಸಕ್ಕರೆ ಎಂಬುದರಷ್ಟೇ ದಿನಕ್ಕೆ ಎಷ್ಟು ಸಲ ಎಂಬುದೂ ಮುಖ್ಯವಾಗುವುದು ಈ ಕಾರಣಕ್ಕೆ.

ಕರಗುವುದೇ ಮೇಲುಗೈಯಾದರೆ ಮೊದಲು ಸುಣ್ಣ ಬಳಿದಂತಹ ಮಂಕು ಬಿಳಿ ಮಚ್ಚೆ ಕಾಣಿಸುತ್ತದೆ. ಈ ಹಂತದಲ್ಲಿ ಹಲ್ಲನ್ನು ಕೊರೆಯಬೇಕಿಲ್ಲ. ಎನಾಮಲ್ ಗಟ್ಟಿಮಾಡುವ ಖನಿಜವಾದ ಫ್ಲೋರೈಡ್ ಮತ್ತು ಶುಚಿತ್ವದಿಂದ ಅದು ಹಿಂದಿರುಗಬಲ್ಲದು. ದುರದೃಷ್ಟವೆಂದರೆ ಎನಾಮಲ್‌ನಲ್ಲಿ ನರಗಳಿಲ್ಲ, ಆದ್ದರಿಂದ ನೋವೂ ಇಲ್ಲ. ಗುಣವಾಗಬಹುದಾದ ಹಂತದಲ್ಲಿ ಹಲ್ಲು ಮೌನವಾಗಿರುತ್ತದೆ. ಮೇಲ್ಮೈ ಕುಸಿದು ಕುಳಿ ಒಳಪದರವಾದ ಡೆಂಟಿನ್ ಮುಟ್ಟಿದಾಗ ತಣ್ಣಗಿನದು, ಸಿಹಿಯಾದದ್ದು ಜುಮ್ಮೆನ್ನುತ್ತದೆ. ಅಲ್ಲಿಂದ ಮುಂದೆ ಫಿಲ್ಲಿಂಗ್ ಬೇಕು. ಕೊಳೆಯುವಿಕೆ ಹಲ್ಲಿನ ನಡುವೆ ನರ ಮತ್ತು ರಕ್ತನಾಳಗಳಿರುವ ಪಲ್ಪ್‌ಗೆ ಇಳಿದರೆ ರಾತ್ರಿ ನಿದ್ದೆಗೆಡಿಸುವ ಮಿಡಿತದ ನೋವು ಶುರುವಾಗುತ್ತದೆ. ಆಗ ಉಳಿಯುವ ದಾರಿ ಎರಡೇ, ರೂಟ್ ಕೆನಾಲ್ (ಪಲ್ಪ್ ತೆಗೆದು ಒಳಗನ್ನು ಶುಚಿಮಾಡಿ ಮುಚ್ಚುವುದು) ಅಥವಾ ಕೀಳಿಸುವುದು. ಪಲ್ಪ್ ಸತ್ತ ಮೇಲೆ ನೋವು ಒಮ್ಮೆ ತಾನಾಗಿ ನಿಲ್ಲುತ್ತದೆ. ವಾಸಿಯಾಯಿತು ಎಂದು ಎಷ್ಟೋ ಜನ ಸುಮ್ಮನಾಗುವುದು ಇಲ್ಲೇ. ಒಳಗೆ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತಿರುತ್ತದೆ.

ಚರ್ಮದ ಗಾಯ ತಾನಾಗಿ ಕೂಡಿಕೊಳ್ಳುತ್ತದೆ, ಮೂಳೆಯೂ ಕೂಡುತ್ತದೆ, ಕುಳಿಬಿದ್ದ ಹಲ್ಲು ಕೂಡುವುದಿಲ್ಲ. ಫಿಲ್ಲಿಂಗ್ ಕೂಡ ಶಾಶ್ವತವಲ್ಲ. ಅದರ ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯುತ್ತದೆ, ಹಳೆಯದನ್ನು ತೆಗೆದು ಹಾಕುವಾಗ ಇನ್ನಷ್ಟು ಹಲ್ಲು ಹೋಗುತ್ತದೆ, ದೊಡ್ಡ ಫಿಲ್ಲಿಂಗ್ ಮುಂದೊಂದು ದಿನ ಕ್ಯಾಪ್ ಕೇಳುತ್ತದೆ. ಹತ್ತನೇ ವಯಸ್ಸಿನಲ್ಲಿ ತಪ್ಪಿಸಬಹುದಿದ್ದ ಒಂದು ಕುಳಿ ಜೀವನಪರ್ಯಂತ ಬಿಲ್ಲು ಕಳಿಸುತ್ತಲೇ ಇರುತ್ತದೆ. ಈ ಹೊಣೆಯ ಚರ್ಚೆಯಲ್ಲಿ ಯಾರು ಏನೇ ಹೇಳಲಿ, ಈ ಒಂದು ಸಂಗತಿಯನ್ನು ಬಿಟ್ಟು ಹೇಳಿದರೆ ಲೆಕ್ಕ ತಪ್ಪುತ್ತದೆ.

ವ್ಯಕ್ತಿಯ ಕೈಯಲ್ಲಿರುವುದು

ಬಿಳಿ ಮಚ್ಚೆಗಿಂತ ಮುಂಚಿನ ಹಂತದಲ್ಲಿ ವ್ಯಕ್ತಿಯ ಕೈಗೆ ದೊಡ್ಡ ಬಲವಿದೆ, ಇದನ್ನು ಮುಲಾಜಿಲ್ಲದೆ ಹೇಳಬೇಕು. ದಿನಕ್ಕೆ ಎರಡು ಸಲ, ಪ್ರತಿ ಸಲ 2 ನಿಮಿಷ ಉಜ್ಜಬೇಕು. ಎರಡರಲ್ಲಿ ಒಂದು ಮಲಗುವ ಮುಂಚಿನದೇ ಆಗಿರಬೇಕು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗಿ ದುರಸ್ತಿ ಕೆಲಸ ನಿಂತುಹೋಗುತ್ತದೆ. ಪೇಸ್ಟ್ ಕೊಳ್ಳುವಾಗ ಬಣ್ಣ, ಪರಿಮಳ, ಜಾಹೀರಾತು ಯಾವುದನ್ನೂ ನೋಡಬೇಕಿಲ್ಲ. ಟ್ಯೂಬಿನ ಹಿಂಬದಿಯಲ್ಲಿ ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಎಂದು ಬರೆದಿರುತ್ತದೆ, ಅದು 1000ರಿಂದ 1500ರ ನಡುವೆ ಇರಲಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು. ಉಜ್ಜಿದ ಮೇಲೆ ಉಗುಳಿ, ಆದರೆ ನೀರು ಹಾಕಿ ಬಾಯಿ ಮುಕ್ಕಳಿಸಬೇಡಿ. ಬಹಳ ಜನ ತಪ್ಪುವುದು ಇಲ್ಲೇ. ಹಲ್ಲಿನ ಮೇಲೆ ಉಳಿದು ಕೆಲಸ ಮಾಡಬೇಕಾದ ಫ್ಲೋರೈಡ್ ಆ ಒಂದು ಬಾಯಿ ನೀರಿನ ಜೊತೆ ಬಚ್ಚಲಿಗೆ ಹೋಗುತ್ತದೆ. ಬ್ರಷ್ಷಿನ ಎಳೆ ಎರಡು ಹಲ್ಲುಗಳ ಸಂದಿಗೆ ಇಳಿಯುವುದಿಲ್ಲ, ಅಲ್ಲಿಗೆ ದಾರ ಅಥವಾ ಸಂದಿಯ ಸಣ್ಣ ಬ್ರಷ್ ಬೇಕು.

ಈ ಕೆಲಸವನ್ನು ಯಾವ ಸರ್ಕಾರವೂ ಮನೆಮನೆಗೆ ಬಂದು ಮಾಡಿಕೊಡಲಾರದು. ಆದರೆ ವ್ಯಕ್ತಿಯ ಹೊಣೆ ಎಂದಾಗ ಆ ವ್ಯಕ್ತಿ ಯಾರು ಎಂದು ಕೇಳಲೇಬೇಕು. ಏಳು ವರ್ಷದವರೆಗೂ ಮಗುವಿನ ಕೈಗೆ ಸರಿಯಾಗಿ ಉಜ್ಜುವ ಹದ ಬಂದಿರುವುದಿಲ್ಲ, ದೊಡ್ಡವರು ಉಜ್ಜಿಸಬೇಕು. ಮೂರು ವರ್ಷದ ಮಗುವಿನ ಹುಳುಕಿಗೆ ಆ ಮಗುವೇ ಹೊಣೆ ಎನ್ನಲಾಗುತ್ತದೆಯೇ? ಪಾರ್ಶ್ವವಾಯುವಿನಿಂದ ಕೈ ಬಿದ್ದವರು, ಮರೆಗುಳಿ ಕಾಯಿಲೆಯವರು, ಬುದ್ಧಿಮಾಂದ್ಯತೆ ಇರುವವರು ಬೇರೆಯವರ ಕೈಯನ್ನು ನಂಬಿಕೊಂಡಿರುತ್ತಾರೆ. ಖಿನ್ನತೆಗೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಕ್ಯಾನ್ಸರಿಗಾಗಿ ತಲೆ, ಕುತ್ತಿಗೆಗೆ ರೇಡಿಯೇಷನ್ ಕೊಟ್ಟರೆ ಜೊಲ್ಲುಗ್ರಂಥಿಗಳೇ ಸೊರಗುತ್ತವೆ. ಅಂಥವರು ಎಷ್ಟೇ ನಿಷ್ಠೆಯಿಂದ ಉಜ್ಜಿದರೂ ಹಲ್ಲುಗಳು ಸಾಲಾಗಿ ಹುಳುಕಾಗಬಹುದು. ಉಜ್ಜದವರಿಗೆ ಆದ ಶಿಕ್ಷೆ ಎಂದು ಹುಳುಕನ್ನು ನೋಡುವ ದೃಷ್ಟಿ ಇವರ ಮುಂದೆ ನಿಲ್ಲುವುದಿಲ್ಲ.

ಒಬ್ಬೊಬ್ಬರಿಂದ ಆಗದ ಕೆಲಸ

ಒಬ್ಬ ವ್ಯಕ್ತಿ ಎಷ್ಟೇ ಎಚ್ಚರವಾಗಿದ್ದರೂ ಊರಿನ ನೀರಿನಲ್ಲಿ ಏನಿದೆ, ಅಂಗಡಿಯ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಎಂಬುದನ್ನು ಬದಲಿಸಲಾರ. ಈ ಕೆಲಸದಲ್ಲಿ ಸರ್ಕಾರಕ್ಕೆ ಬದಲಿ ಇಲ್ಲ.

1945ರ ಜನವರಿಯಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರು ಕುಡಿಯುವ ನೀರಿಗೆ ಫ್ಲೋರೈಡ್ ಸೇರಿಸಿತು. ಹಾಗೆ ಮಾಡಿದ ಮೊದಲ ಊರು ಅದು. ಅಮೆರಿಕ 2015ರಲ್ಲಿ ಶಿಫಾರಸು ಮಾಡಿದ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ಇಲ್ಲಿ ಅಳತೆಯೇ ಎಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದು ದಾಟಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುವ ಫ್ಲೋರೋಸಿಸ್ ಹೆಚ್ಚುತ್ತದೆ, ಇನ್ನೂ ಹೆಚ್ಚಾಗಿ ಬಹುಕಾಲ ಸೇರಿದರೆ ಮೂಳೆಗೂ ಹಾನಿ. ಅಂತರ್ಜಲದಲ್ಲೇ ಫ್ಲೋರೈಡ್ ಅತಿಯಾಗಿರುವ ಪ್ರದೇಶಗಳು ಜಗತ್ತಿನಲ್ಲಿ ಸಾಕಷ್ಟಿವೆ. ಅಲ್ಲಿ ಸರ್ಕಾರದ ಕೆಲಸ ಸೇರಿಸುವುದಲ್ಲ, ತೆಗೆಯುವುದು. ಒಟ್ಟಿನಲ್ಲಿ ಅಳೆಯದೆ ಸೇರಿಸಿದರೂ ತಪ್ಪು, ಅಳೆಯದೆ ಬಿಟ್ಟರೂ ತಪ್ಪು. ಕೆನಡಾದ ಕ್ಯಾಲ್ಗರಿ ನಗರ 2011ರಲ್ಲಿ ಫ್ಲೋರೈಡ್ ಸೇರಿಸುವುದನ್ನು ನಿಲ್ಲಿಸಿತು. ನಿಲ್ಲಿಸದೆ ಮುಂದುವರಿಸಿದ, ಅದೇ ಪ್ರಾಂತ್ಯದ ಎಡ್ಮಂಟನ್‌ಗೆ ಹೋಲಿಸಿ ನೋಡಿದಾಗ ಕ್ಯಾಲ್ಗರಿಯ ಮಕ್ಕಳಲ್ಲಿ ಹುಳುಕು ಹೆಚ್ಚಿತ್ತು. ಪೂರ್ತಿ ಅರಿವಳಿಕೆ ಕೊಟ್ಟು ಮಾಡುವ ಹಲ್ಲಿನ ಚಿಕಿತ್ಸೆಗಳೂ ಹೆಚ್ಚಿದ್ದವು. 2021ರಲ್ಲಿ ಮತದಾರರು ಮರಳಿ ತರಲು ಮತ ಹಾಕಿದರು, 2025ರಲ್ಲಿ ಅದು ಮತ್ತೆ ಶುರುವಾಯಿತು.

ಸ್ಕಾಟ್ಲೆಂಡ್ ನೀರಿಗೆ ಕೈಹಾಕದೆ ಬೇರೆ ದಾರಿ ಹಿಡಿಯಿತು. ಚೈಲ್ಡ್‌ಸ್ಮೈಲ್ ಎಂಬ ಕಾರ್ಯಕ್ರಮದಲ್ಲಿ ಶಿಶುವಿಹಾರದ ಮಕ್ಕಳು ಪ್ರತಿದಿನ ಸಿಬ್ಬಂದಿಯ ಕಣ್ಣೆದುರಲ್ಲಿ ಫ್ಲೋರೈಡ್ ಪೇಸ್ಟಿನಿಂದ ಉಜ್ಜುತ್ತಾರೆ. ಮನೆಗೆ ಬ್ರಷ್ಷು, ಪೇಸ್ಟು ಕಳಿಸುತ್ತಾರೆ, ಹುಳುಕಿನ ಅಪಾಯ ಹೆಚ್ಚಿರುವ ಕಡೆ ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಬಳಿಯುತ್ತಾರೆ. ಮೊದಲ ತರಗತಿಯ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕು ಇಲ್ಲದವರು 2003ರಲ್ಲಿ ಶೇ 45ರಷ್ಟಿದ್ದರು, 2020ರ ಹೊತ್ತಿಗೆ ಶೇ 74ರ ಆಸುಪಾಸಿಗೆ ಬಂದರು. ಕೊರೆದು ತುಂಬುವ ಯಂತ್ರವಿಲ್ಲದೆ, ದಂತವೈದ್ಯರ ಕುರ್ಚಿಯಿಲ್ಲದೆ ಬಂದ ಫಲ ಇದು. ಬ್ರಿಟನ್ 2018ರಲ್ಲಿ ತಂಪು ಪಾನೀಯಗಳ ಮೇಲೆ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಸುಂಕ ಹಾಕಿದ್ದು ಇದೇ ಬಗೆಯ ಕ್ರಮ. 100 ಮಿಲಿಲೀಟರಿಗೆ 5 ಗ್ರಾಂ ಮುಟ್ಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಹೆಚ್ಚಿನ ದರ. ಕುಡಿಯುವವರು ಬದಲಾಗುವ ಮುಂಚೆಯೇ ಕಂಪನಿಗಳು ಸುಂಕ ತಪ್ಪಿಸಲು ಸಕ್ಕರೆ ಇಳಿಸಿದವು. ಇಂಥದ್ದನ್ನು ‘ವೈಯಕ್ತಿಕ ಜವಾಬ್ದಾರಿ’ಯಿಂದ ಸಾಧಿಸಲು ಸಾಧ್ಯವೇ ಇರಲಿಲ್ಲ.

ಕೊಡದೆ ಉಳಿಸಿದ ಹಣ

‘ನಾವು ಹಲ್ಲಿಗೆ ದುಡ್ಡು ಕೊಡುವುದಿಲ್ಲ’ ಎನ್ನುವ ಸರ್ಕಾರವೂ ಕೊನೆಗೆ ಕೊಡುತ್ತದೆ, ಬೇರೆ ಖಾತೆಯಿಂದ ಕೊಡುತ್ತದೆ ಅಷ್ಟೆ. ಹಲ್ಲಿನ ವೈದ್ಯರಲ್ಲಿಗೆ ಹೋಗಲಾಗದವರು ನೋವು ತಡೆಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುತ್ತಾರೆ. ಅಲ್ಲಿ ಸಾಮಾನ್ಯವಾಗಿ ಸಿಗುವುದು ನೋವಿನ ಮಾತ್ರೆ ಮತ್ತು ಆ್ಯಂಟಿಬಯಾಟಿಕ್. ಬೇರಿನ ತುದಿಯ ಕೀವಿಗೆ ಆ್ಯಂಟಿಬಯಾಟಿಕ್ ಪರಿಹಾರವಲ್ಲ. ಸತ್ತ ಪಲ್ಪ್‌ನಲ್ಲಿ ರಕ್ತ ಹರಿಯುವುದಿಲ್ಲ, ರಕ್ತವಿಲ್ಲದ ಕಡೆ ಔಷಧವೂ ತಲುಪುವುದಿಲ್ಲ. ಹಲ್ಲನ್ನು ತೆರೆದು ಅಥವಾ ಕಿತ್ತು ಕೀವು ಹೊರಬಿಡಬೇಕು. ಅದಾಗದಿದ್ದರೆ ಊತ ಇಳಿದಂತೆ ಕಂಡು ವಾರದಲ್ಲಿ ಮರಳುತ್ತದೆ, ರೋಗಿಯೂ ಮರಳುತ್ತಾರೆ. ಕೆಲವೊಮ್ಮೆ ಸೋಂಕು ನಾಲಿಗೆಯ ಕೆಳಗೆ, ಕುತ್ತಿಗೆಗೆ ಹರಡಿ ಉಸಿರಿನ ದಾರಿಯನ್ನೇ ಒತ್ತುತ್ತದೆ. ಬಾಯಿ ತೆರೆಯಲಾಗದಿರುವುದು, ನುಂಗಲಾಗದಿರುವುದು, ಜ್ವರದ ಜೊತೆ ಗಲ್ಲದ ಕೆಳಗೆ ಗಟ್ಟಿ ಊತ ಕಂಡರೆ ಒಂದು ಗಂಟೆಯೂ ಕಾಯಬಾರದು.

2007ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 12 ವರ್ಷದ ಹುಡುಗನೊಬ್ಬನ ಹುಳುಕು ಹಲ್ಲಿನ ಸೋಂಕು ಮಿದುಳಿಗೆ ಹರಡಿತು. ಸುಮಾರು 80 ಡಾಲರಿಗೆ ಕೀಳಬಹುದಿದ್ದ ಹಲ್ಲು ಅದು. ಎರಡು ಮಿದುಳು ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆವಾಸ, ಸುಮಾರು ಎರಡೂವರೆ ಲಕ್ಷ ಡಾಲರ್ ಖರ್ಚು. ಹುಡುಗ ಉಳಿಯಲಿಲ್ಲ. ಎರಡು ವರ್ಷದ ನಂತರ, ಕಡಿಮೆ ಆದಾಯದ ಮನೆಗಳ ಮಕ್ಕಳಿಗಾಗಿ ಇದ್ದ ಅಮೆರಿಕದ ವಿಮಾ ಯೋಜನೆಯಲ್ಲಿ ಹಲ್ಲಿನ ಚಿಕಿತ್ಸೆಯನ್ನು ಕಡ್ಡಾಯ ಮಾಡಲಾಯಿತು.

ಹಾಗಾದರೆ ಖಾಸಗಿ ವಿಮೆ ಸಾಲದೇ? ಹಲ್ಲಿಗೆ ವಿಮೆಯ ಮೂಲ ತರ್ಕ ಹೊಂದುವುದಿಲ್ಲ. ನೂರರಲ್ಲಿ ಒಬ್ಬರ ಮನೆಗೆ ಬೆಂಕಿ ಬೀಳಬಹುದು, ಆದ್ದರಿಂದ ನೂರು ಜನ ಸೇರಿ ಆ ಒಬ್ಬರ ನಷ್ಟ ತುಂಬುತ್ತಾರೆ. ಹುಳುಕು ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ, ಖರ್ಚು ಮೊದಲೇ ಊಹೆಗೆ ಸಿಗುತ್ತದೆ. ಹಲ್ಲು ನೋಯತೊಡಗಿದವರೇ ವಿಮೆಗೆ ಮುಂದಾಗುತ್ತಾರೆ. ಆದ್ದರಿಂದ ಕಂಪನಿಗಳು ಕಾಯುವ ಅವಧಿ ಹಾಕುತ್ತವೆ, ವರ್ಷಕ್ಕೆ ಇಷ್ಟೇ ಎಂದು ಮೇಲ್ಮಿತಿ ಹಾಕುತ್ತವೆ. ನಿಜವಾದ ವಿಮೆ ಸಣ್ಣ ಖರ್ಚನ್ನು ನಮಗೆ ಬಿಟ್ಟು ದೊಡ್ಡದನ್ನು ಹೊರುತ್ತದೆ. ಹಲ್ಲಿನ ವಿಮೆ ಕ್ಲೀನಿಂಗ್‌ಗೆ ಕೊಟ್ಟು, ದೊಡ್ಡ ಬಿಲ್ಲು ಬಂದಾಗ ಮಿತಿ ಮುಗಿಯಿತು ಎನ್ನುತ್ತದೆ.

ಸರ್ಕಾರ ಕೊಟ್ಟರೂ ಎಡವುವುದು ಎಲ್ಲಿ

ಸರ್ಕಾರ ವಹಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 1948ರ ಜುಲೈನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಹಲ್ಲನ್ನೂ ಸೇರಿಸಿ ಉಚಿತವಾಗಿ ಶುರುವಾಯಿತು. ದಶಕಗಳಿಂದ ಹಲ್ಲು ಕಚ್ಚಿ ನೋವು ಸಹಿಸಿದ್ದ ಜನ ಮುಗಿಬಿದ್ದರು, ಹಲ್ಲುಸೆಟ್ಟಿನ ಬೇಡಿಕೆ ಅಂದಾಜನ್ನೆಲ್ಲ ಮೀರಿತು. 1951ರಲ್ಲಿ ಹಲ್ಲುಸೆಟ್ಟು ಮತ್ತು ಕನ್ನಡಕಕ್ಕೆ ಶುಲ್ಕ ಹಾಕಲು ಸರ್ಕಾರ ಮುಂದಾದಾಗ, ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 1952ರಲ್ಲಿ ಹಲ್ಲಿನ ಚಿಕಿತ್ಸೆಗೂ ಶುಲ್ಕ ಬಂತು. ಉಚಿತ ಎಂಬ ವ್ಯವಸ್ಥೆಯಲ್ಲಿ ಮೊದಲು ಬಿರುಕು ಬಿಟ್ಟದ್ದು ಹಲ್ಲಿನ ಜಾಗದಲ್ಲೇ.

ಅದಕ್ಕಿಂತ ಸೂಕ್ಷ್ಮವಾದ ತೊಡಕು ವೈದ್ಯರಿಗೆ ಹಣ ಹೇಗೆ ಕೊಡುತ್ತೀರಿ ಎಂಬುದರಲ್ಲಿದೆ. ಮಾಡಿದ ಒಂದೊಂದು ಕೆಲಸಕ್ಕೂ ಇಷ್ಟು ಎಂದು ಕೊಟ್ಟರೆ ಅನುಮಾನದ ಮಚ್ಚೆಯೂ ಫಿಲ್ಲಿಂಗ್ ಆಗುತ್ತದೆ, ಕಾದು ನೋಡುವವರಿಗೆ ಏನೂ ಸಿಗುವುದಿಲ್ಲ. ತಲೆಗೆ ಇಷ್ಟು ಎಂದು ಕೊಟ್ಟರೆ ಕಷ್ಟದ ಬಾಯಿಯ ರೋಗಿ ನಷ್ಟದ ಬಾಬ್ತಾಗುತ್ತಾರೆ. ಇಂಗ್ಲೆಂಡ್ 2006ರಲ್ಲಿ ವೈದ್ಯರಿಗೆ ಅಂಕಗಳ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿ ತಂದಿತು. ಒಂದು ಹಲ್ಲು ತುಂಬಿದರೂ 3 ಅಂಕ, ಐದು ಹಲ್ಲು ತುಂಬಿ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿದರೂ ಅದೇ 3 ಅಂಕ. ಬಾಯಿ ತುಂಬ ಹುಳುಕಿರುವ ಬಡ ರೋಗಿಯನ್ನು ಸೇರಿಸಿಕೊಂಡರೆ ವೈದ್ಯರಿಗೆ ಕೈಯಿಂದ ಖರ್ಚು. ಯಾರಿಗೆ ಸೇವೆ ಹೆಚ್ಚು ಬೇಕಿತ್ತೋ ಅವರನ್ನೇ ದೂರವಿಡುವಂತೆ ಲೆಕ್ಕ ಕೂತಿತ್ತು. 2022ರಲ್ಲಿ ಅದನ್ನು ತಿದ್ದಿ, ಮೂರು ಅಥವಾ ಹೆಚ್ಚು ಹಲ್ಲುಗಳಿಗೆ 5, ದವಡೆ ಹಲ್ಲಿನ ರೂಟ್ ಕೆನಾಲಿಗೆ 7 ಅಂಕ ಮಾಡಿದರು. ಹದಿನಾರು ವರ್ಷ ಕಳೆದಿತ್ತು.

ಇಬ್ಬರ ಹೊಣೆಯನ್ನೂ ಒಂದೇ ಕಾಗದದಲ್ಲಿ ಹೆಣೆದದ್ದು ಜರ್ಮನಿ. ಅಲ್ಲಿ ಸಾರ್ವಜನಿಕ ವಿಮೆ ಹೊಂದಿರುವ ಜನ ತಪಾಸಣೆಯ ಪುಸ್ತಕವೊಂದನ್ನು ಇಟ್ಟುಕೊಳ್ಳುತ್ತಾರೆ. ಕ್ಯಾಪ್, ಬ್ರಿಡ್ಜ್, ಹಲ್ಲುಸೆಟ್ಟು ಬೇಕಾದಾಗ ಸರಳವಾದ ಮಾದರಿ ಚಿಕಿತ್ಸೆಯ ವೆಚ್ಚದಲ್ಲಿ ಶೇ 60ನ್ನು ವಿಮೆ ಕೊಡುತ್ತದೆ. ಹಿಂದಿನ 5 ವರ್ಷ ತಪ್ಪದೆ ತಪಾಸಣೆಗೆ ಹೋಗಿ ಮುದ್ರೆ ಹಾಕಿಸಿದ್ದರೆ ಶೇ 70, 10 ವರ್ಷವಾದರೆ ಶೇ 75. ಅದಕ್ಕಿಂತ ದುಬಾರಿಯದು ಬೇಕೆಂದರೆ ಹೆಚ್ಚುವರಿ ಹಣ ರೋಗಿಯದು. ಆದಾಯ ತೀರಾ ಕಡಿಮೆಯಿದ್ದವರಿಗೆ ಮಾದರಿ ಚಿಕಿತ್ಸೆಯ ಪೂರ್ತಿ ಖರ್ಚು ಸಿಗುತ್ತದೆ. ಎಚ್ಚರವಾಗಿದ್ದವರಿಗೆ ಬಹುಮಾನವಿದೆ, ಎಡವಿದವರನ್ನು ಕೈಬಿಡುವುದೂ ಇಲ್ಲ.

ಗೆರೆ ಎಲ್ಲಿ ಎಳೆಯುವುದು

ಎರಡು ತುದಿಗಳ ಬಗ್ಗೆ ನಿಜಕ್ಕೂ ಜಗಳ ಕಡಿಮೆ. ತಡೆಗಟ್ಟುವುದು ಮತ್ತು ನೋವು, ಕೀವು ನಿವಾರಿಸುವುದು ಎಲ್ಲರ ದುಡ್ಡಿನಿಂದ ಆಗಬೇಕು. ಹಲ್ಲು ಬೆಳ್ಳಗಾಗಿಸುವುದು, ಅಂದಕ್ಕಾಗಿ ಹೊದಿಕೆ ಅಂಟಿಸುವುದು ಅವರವರ ಜೇಬಿನದು. ಕಷ್ಟ ಇರುವುದು ನಡುವೆ, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿ ಉಳಿಸುವುದೋ, ಕಿತ್ತು ಬಿಸಾಡುವುದೋ ಎಂಬಲ್ಲಿ. ಕೀಳಲು ಮಾತ್ರ ಹಣ ಕೊಡುವ ಯೋಜನೆ ಬಡವರ ಬಾಯನ್ನು ಬೋಳು ಮಾಡುತ್ತದೆ. ಎಲ್ಲ ಹಲ್ಲನ್ನೂ ಉಳಿಸುತ್ತೇನೆ ಎನ್ನುವ ಯೋಜನೆ ಬೊಕ್ಕಸ ಬರಿದಾಗಿ ನಿಲ್ಲುತ್ತದೆ.

ಇದಕ್ಕೆ ಹಲ್ಲಿನ ಎಣಿಕೆಯೇ ಅಳತೆಗೋಲಾಗಬಹುದು. ಮೇಲೆ ಕೆಳಗೆ ಜೋಡಿಯಾಗಿ ಕೂಡುವ 20 ಹಲ್ಲುಗಳಿದ್ದರೆ ಸಾಧಾರಣವಾಗಿ ಅಗಿಯಲು, ಮಾತಾಡಲು ತೊಂದರೆಯಾಗುವುದಿಲ್ಲ. ಜಪಾನ್ 1989ರಲ್ಲಿ ‘8020’ ಎಂಬ ಅಭಿಯಾನ ಶುರುಮಾಡಿತು, 80ನೇ ವಯಸ್ಸಿಗೆ 20 ಸ್ವಂತ ಹಲ್ಲು ಎಂಬುದು ಗುರಿ. ಆಗ ಹತ್ತರಲ್ಲಿ ಒಬ್ಬರೂ ಅದನ್ನು ಮುಟ್ಟಿರಲಿಲ್ಲ. 2016ರ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ ಮುಟ್ಟಿದ್ದರು. ನೋವಿಲ್ಲದೆ ಅಗಿಯುವ 20 ಹಲ್ಲುಗಳ ಮಾತು ಸರ್ಕಾರ ಕೊಡಲಿ, ಅದರಾಚೆಯದು ವ್ಯಕ್ತಿಗಿರಲಿ ಎಂದರೆ ನಡುವಿನ ಎಷ್ಟೋ ತೀರ್ಮಾನಗಳು ಸುಲಭವಾಗುತ್ತವೆ. ಎದುರು ಜೋಡಿಯೇ ಇಲ್ಲದ ಬುದ್ಧಿಹಲ್ಲಿಗೆ ಸಾರ್ವಜನಿಕ ಹಣದಲ್ಲಿ ರೂಟ್ ಕೆನಾಲ್ ಬೇಡ. ಮೂವತ್ತು ವರ್ಷದವರ ಮೊದಲ ದವಡೆ ಹಲ್ಲಿಗೆ ಖಂಡಿತ ಬೇಕು. ಅಗ್ಗದ ಸಾಧನಗಳೂ ಕೈಯಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಫ್ಲೋರೈಡ್ ಪೇಸ್ಟ್, ಕುಳಿ ತುಂಬುವ ಗ್ಲಾಸ್ ಅಯನೋಮರ್ ಸಿಮೆಂಟ್, ಸಿಲ್ವರ್ ಡೈಅಮೀನ್ ಫ್ಲೋರೈಡ್ ಸೇರಿಸಿತು. ಕೊನೆಯದನ್ನು ಕುಳಿಗೆ ಒಂದು ಹನಿ ಹಚ್ಚಿದರೆ ಬಹಳಷ್ಟು ಸಲ ಹುಳುಕು ಅಲ್ಲೇ ನಿಲ್ಲುತ್ತದೆ. ಕೊರೆಯುವ ಯಂತ್ರವೂ ಬೇಡ, ಸೂಜಿಯೂ ಬೇಡ. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದನ್ನು ತಂದೆತಾಯಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯದಿದ್ದರೆ ಮುಂದೆ ರಗಳೆ.

ಆ ಇಪ್ಪತ್ತರ ಎಣಿಕೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಎಲ್ಲಕ್ಕಿಂತ ಬೇಗ ಹಾಳಾಗುವುದು ಆರನೇ ವರ್ಷದ ದವಡೆ ಹಲ್ಲು. ಸುಮಾರು ಆರು ವರ್ಷಕ್ಕೆ ಅದು ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಹುಟ್ಟುತ್ತದೆ. ಹಾಗಾಗಿ ಮನೆಯವರು ಅದನ್ನೂ ಬಿದ್ದುಹೋಗುವ ಹಲ್ಲು ಎಂದುಕೊಳ್ಳುತ್ತಾರೆ. ಅದರ ಅಗಿಯುವ ಮೈಯ ಗೀರುಗಳು ಬ್ರಷ್ಷಿನ ಒಂದು ಎಳೆಗಿಂತಲೂ ಕಿರಿದು. ಅಲ್ಲಿಗೆ ಸೀಲಂಟ್, ಅಂದರೆ ಗೀರು ಮುಚ್ಚುವ ತೆಳು ಲೇಪ, ಹಾಕುವುದು ಕೆಲವು ನಿಮಿಷದ ಕೆಲಸ. ಹಲ್ಲನ್ನು ಶುಚಿ ಮಾಡಿ, ಶೇ 37ರ ಫಾಸ್ಫಾರಿಕ್ ಆಮ್ಲದ ಜೆಲ್ಲನ್ನು ಸುಮಾರು 30 ಸೆಕೆಂಡು ಬಿಟ್ಟು, ತೊಳೆದು, ಒಣಗಿಸಬೇಕು. ಎನಾಮಲ್ ಸುಣ್ಣದ ಹಾಗೆ ಮಂಕಾದರೆ ಸರಿಯಾಗಿದೆ ಎಂದರ್ಥ. ಆಮೇಲೆ ದ್ರವ ರೆಸಿನ್ ಹರಿಸಿ ನೀಲಿ ದೀಪದಿಂದ ಸುಮಾರು 20 ಸೆಕೆಂಡು ಗಟ್ಟಿ ಮಾಡುತ್ತಾರೆ. ಒಣಗಿಸಿದ ಮೇಲೆ ಒಂದು ತೊಟ್ಟು ಜೊಲ್ಲು ತಾಗಿದರೂ ಮೊದಲಿಂದ ಮಾಡಬೇಕು, ಸೀಲಂಟ್ ಕಿತ್ತುಬರುವುದು ಬಹುಪಾಲು ಆ ಒಂದು ತಪ್ಪಿನಿಂದ. ಶಾಲೆಗೇ ಹೋಗಿ ಇದನ್ನು ಮಾಡುವ ತಂಡವನ್ನು ಸರ್ಕಾರ ಕಳಿಸಬೇಕು. ಆ ಹಲ್ಲು ಹುಟ್ಟಿತೇ ಎಂದು ರಾತ್ರಿ ಉಜ್ಜಿಸುವಾಗ ದೀಪ ಹಿಡಿದು ಹಿಂದಿನ ಮೂಲೆಗೆ ಇಣುಕಿ ನೋಡುವುದು ಮನೆಯವರ ಪಾಲಿನದು.